ಜಾರ್ಜಿಯಾದ ಚುನಾವಣೆ

ಭಾನುವಾರ ಬೆಳಿಗ್ಗೆ ದಾಡಿ ಮಾಡಿಕೊಳ್ಳುತ್ತಿದ್ದ ಬಿಂದುಮಾಧವ ಕನ್ನಡಿಯಲ್ಲಿ ತನ್ನ ತುಟಿಗಳು ತಾವಾಗಿಯೇ ಅಲುಗಾಡುತ್ತಿರುವುದನ್ನು ಕಂಡು ಕೈ ನಿಲ್ಲಿಸಿದ. ತುಟಿಗಳು ಏನನ್ನೋ ಓದುತ್ತಿದ್ದವು. ಸೋಪಿನ ನೊರೆಯ ನಡುವೆ ಅವು ತೆರೆದು ಮುಚ್ಚುವುದನ್ನು ನೋಡುತ್ತಿದ್ದಂತೆ, ತಾನೇ ಬರೆದ ಎರಡು ವಾಕ್ಯಗಳು ಅವು ಎಂದು ತಿಳಿಯಿತು. ಮಂಡಳದ ಮನೆ ಎಲ್ಲರದು. ಅದರ ಸ್ವತ್ತು, ಸ್ವಚ್ಛತೆ ಹಾಗೂ ಪ್ರತಿಷ್ಠೆಗಳ ಸಂರಕ್ಷಣೆ ಪ್ರತಿಯೊಬ್ಬ ಸದಸ್ಯನ ಕರ್ತವ್ಯ. ಇವತ್ತು ಶಾರದಾ ಕನ್ನಡ ಮಂಡಳದ ಸದಸ್ಯರು ಒಬ್ಬೊಬ್ಬರಾಗಿ ಬಂದು ಅವನೆದುರು ಕುಳಿತು ಈ ಎರಡು ವಾಕ್ಯಗಳನ್ನು ಗಟ್ಟಿಯಾಗಿ ಓದಬೇಕು. ಓದಿದವರಿಗೆ ಮುಂದಿನ ತಿಂಗಳು ಅಧ್ಯಕ್ಷರ ಚುನಾವಣೆಯಲ್ಲಿ ಮತ ಹಾಕುವ ಹಕ್ಕು. ಓದದವರಿಗೆ ಇಲ್ಲ. ಬ್ಲೇಡು ಕಿವಿಯ ಕೆಳಗೆ ಸಣ್ಣಗೆ ಕೊಯ್ದಿತು. ಚಹಾ ತಂದಿಟ್ಟ ಗೋದಾ ರಕ್ತ ನೋಡಿ, "ಪರೀಕ್ಷಾ ಅವರದೋ ನಿಮ್ಮದೋ?" ಎಂದಳು. ಇಪ್ಪತ್ತೇಳು ವರ್ಷ ಪುಣೆಯಲ್ಲಿದ್ದೂ ಧಾರವಾಡದ ಮಾಳಮಡ್ಡಿಯ ಓಣಿಯನ್ನು ನಾಲಿಗೆಯಿಂದ ಬಿಟ್ಟುಕೊಡದ ಹೆಂಗಸು. ಅವನು ನಕ್ಕ. ನಗುವಾಗ ಕೊಯ್ದ ಜಾಗ ಚುರುಗುಟ್ಟಿತು.

ಸ್ಕೂಟರಿನಲ್ಲಿ ಶಿವಾಜಿನಗರದ ಕಡೆ ಹೋಗುವಾಗ ರಸ್ತೆ ಖಾಲಿಯಿತ್ತು. ವಾರದ ದಿನಗಳಲ್ಲಿ ಇದೇ ದಾರಿಯಲ್ಲಿ ಅವನು ಕಾಲೇಜಿಗೆ ಹೋಗುತ್ತಾನೆ, ಇತಿಹಾಸದ ಪ್ರಾಧ್ಯಾಪಕ. ಮೂರನೆಯ ವರ್ಷದ ಬಿ.ಎ. ಹುಡುಗರಿಗೆ ಅಮೆರಿಕದ ಇತಿಹಾಸ ಕಲಿಸುವುದು ಅವನ ಕೆಲಸ. ಕಳೆದ ವಾರ ವಿಭಾಗದ ಮುಖ್ಯಸ್ಥೆ ಪ್ರಫುಲ್ಲಾ, ಅವನಿಗಿಂತ ಹನ್ನೊಂದು ವರ್ಷ ಚಿಕ್ಕವಳು, ಒಂದು ಕಾಲದಲ್ಲಿ ಅವನ ವಿದ್ಯಾರ್ಥಿನಿ, ಮುಂದಿನ ವರ್ಷದಿಂದ ಆ ವಿಷಯ ಇರುವುದಿಲ್ಲ ಎಂದು ಮರಾಠಿಯಲ್ಲಿ ಬಹಳ ಮೃದುವಾಗಿ ಹೇಳಿದ್ದಳು. ಹುಡುಗರೇ ಬರುತ್ತಿಲ್ಲ ಸರ್, ಅದರ ಬದಲು ಪರ್ಯಟನ ಶುರು ಮಾಡುತ್ತಿದ್ದೇವೆ, ನೀವು ಅದನ್ನೇ ತೆಗೆದುಕೊಳ್ಳಿ, ಲೋಣಾವಳಾದ ಕಡೆ ಗುಹೆಗಳಿವೆಯಲ್ಲ, ಹುಡುಗರನ್ನು ಕರೆದುಕೊಂಡು ಹೋಗಬಹುದು. ಅವಳ ದನಿಯಲ್ಲಿದ್ದ ಮರ್ಯಾದೆ ಅವನನ್ನು ಚುಚ್ಚಿತ್ತು. ಬೈದಿದ್ದರೆ ಜಗಳವಾಡಬಹುದಿತ್ತು. "ಚಾಲೇಲ್, ಚಾಲೇಲ್," ಆಗಬಹುದು, ಆಗಬಹುದು, ಎಂದು ಅವನು ತಲೆಯಾಡಿಸಿ, ಅವಳ ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳವನ್ನು ಯಾಕೋ ಜೇಬಿಗೆ ಹಾಕಿಕೊಂಡು ಬಂದುಬಿಟ್ಟಿದ್ದ.

ಅಮೆರಿಕವೆಂದರೆ ಅವನಿಗೆ ಒಂದೇ ರಾಜ್ಯ, ಒಂದೇ ಚುನಾವಣೆ. ಜಾರ್ಜಿಯಾ, ಸಾವಿರದ ಒಂಬೈನೂರ ಆರು, ಗವರ್ನರ್ ಪದವಿಗೆ ಇಬ್ಬರು ಪತ್ರಿಕೋದ್ಯಮಿಗಳು ನಡೆಸಿದ ಕಾಳಗ. ಯಾರೂ ಮುಟ್ಟದ ವಿಷಯ, ತಕರಾರಿಲ್ಲದೆ ಮುಗಿಯುತ್ತದೆ ಎಂದು ಮಾರ್ಗದರ್ಶಕರು ಕೊಟ್ಟಿದ್ದ ಪಿಎಚ್.ಡಿ. ವಿಷಯ ಅದು. ಬೇಸಿಗೆ ರಜೆಯಲ್ಲಿ ಹೈದರಾಬಾದಿನ ಅಮೆರಿಕನ್ ಅಧ್ಯಯನ ಕೇಂದ್ರಕ್ಕೆ ಹೋಗಿ, ಕತ್ತಲೆ ಕೋಣೆಯಲ್ಲಿ ಕೂತು, ಮೈಕ್ರೋಫಿಲ್ಮಿನ ಚಕ್ರ ತಿರುಗಿಸುತ್ತ ಅಟ್ಲಾಂಟಾದ ಹಳೆಯ ಪತ್ರಿಕೆಗಳನ್ನು ಓದಿದ್ದ. ಗೆದ್ದವನು ಸುಧಾರಕ. ರೈಲ್ವೆ ಕಂಪನಿಗಳ ಸೊಕ್ಕು ಮುರಿಯುತ್ತೇನೆಂದು ಊರೂರು ತಿರುಗಿದವನು. ಅದೇ ಬಾಯಲ್ಲಿ, ಅದೇ ವೇದಿಕೆಯ ಮೇಲೆ, ಕಪ್ಪು ಜನರ ಮತದ ಹಕ್ಕು ಕಿತ್ತುಕೊಳ್ಳುತ್ತೇನೆಂದು ಮಾತು ಕೊಟ್ಟವನು. ಅವರ ಮತಗಳನ್ನು ಕಂಪನಿಗಳು ಕೊಳ್ಳುತ್ತವೆ, ಆದ್ದರಿಂದ ಮತವನ್ನು ಶುದ್ಧಗೊಳಿಸಬೇಕು ಎಂಬ ವಾದ. ಗವರ್ನರ್ ಆಗಿ ಎರಡನ್ನೂ ಮಾಡಿದ. ಓದು ಬಲ್ಲವರಿಗೆ ಮತ. ಓದು ಬಾರದ ಬಿಳಿಯರಿಗೆ ಮಾತ್ರ, ಅವರ ಅಪ್ಪನೋ ಅಜ್ಜನೋ ಯುದ್ಧದಲ್ಲಿ ಹೋರಾಡಿದ್ದನೆಂಬ ನೆವದಿಂದ, ವಿನಾಯಿತಿ. ನಾಲ್ಕು ಅಧ್ಯಾಯ ಸಲೀಸಾಗಿ ಬರೆದ ಬಿಂದುಮಾಧವ ಐದನೆಯದರಲ್ಲಿ ಸಿಕ್ಕಿಕೊಂಡ. ಅದರಲ್ಲಿ ಅವನು ಉತ್ತರಿಸಬೇಕಿದ್ದುದು ಒಂದೇ ಪ್ರಶ್ನೆ. ಒಬ್ಬನೇ ಮನುಷ್ಯ ಈ ಎರಡೂ ಹೇಗಾಗಿದ್ದ? ಒಂದನ್ನು ನಂಬಿ ಇನ್ನೊಂದನ್ನು ನಟಿಸಿದನೇ? ಉತ್ತರ ಸಿಗಲಿಲ್ಲ. ಮಾರ್ಗದರ್ಶಕರು ತೀರಿಕೊಂಡರು. ಪುಸ್ತಕಗಳು ರಟ್ಟಿನ ಡಬ್ಬಗಳಲ್ಲಿ ಮಂಚದ ಕೆಳಗೆ ಸೇರಿದವು.

ಪುಣೆಯಲ್ಲಿ ಈ ಕಥೆಯನ್ನು ಆಸಕ್ತಿಯಿಂದ ಕುಳಿತು ಕೇಳಿದವರು ಶಿವರುದ್ರಪ್ಪ ಒಬ್ಬರೇ. ಗೋಕಾಕದ ಕಡೆಯವರು, ರವಿವಾರ ಪೇಟೆಯಲ್ಲಿ ನೂಲಿನ ವ್ಯಾಪಾರ. ಒಂದು ಸಂಜೆ ಮನೆಗೆ ಬಂದು, ಗೋದಾ ಕೊಟ್ಟ ಅವಲಕ್ಕಿ ತಿಂದು, ಈ ಸಲ ಅಧ್ಯಕ್ಷ ಸ್ಥಾನಕ್ಕೆ ತಾವೇ ನಿಲ್ಲುವುದಾಗಿ ಹೇಳಿ, ಮಂಡಳದ ದುಃಖವನ್ನೆಲ್ಲ ತೋಡಿಕೊಂಡಿದ್ದರು. ಹದಿನೆಂಟು ವರ್ಷದಿಂದ ಶ್ಯಾಮರಾಯನೇ ಅಧ್ಯಕ್ಷ. ಮಂಡಳದ ಸಭಾಗೃಹ ಯಾರ್‍ಯಾರಿಗೋ ಬಾಡಿಗೆ ಹೋಗುತ್ತದೆ, ಲೆಕ್ಕ ತೋರಿಸುವುದಿಲ್ಲ. ಚುನಾವಣೆ ಬಂದರೆ ಯೆರವಡಾದ ಜೋಪಡಿ ವಸ್ತಿಯಿಂದ ಸಿಂದಗಿ, ಅಫಜಲಪುರದ ಕಡೆಯ ಕೂಲಿ ಜನರನ್ನು ಟೆಂಪೋದಲ್ಲಿ ತುಂಬಿಕೊಂಡು ಬಂದು, ಭಜಿ ತಿನ್ನಿಸಿ, ಕೈ ಎತ್ತಿಸುತ್ತಾನೆ. "ಅವರಿಗೇನು ಗೊತ್ತೈತ್ರಿ ಪಾಪ? ಅಂವ ಎತ್ತು ಅಂದ್ರ ಎತ್ತತಾರ, ಇಳಸು ಅಂದ್ರ ಇಳಸತಾರ. ಕನ್ನಡದ ಮಂಡಳಕ್ಕ ಕನ್ನಡ ಓದಾಕ ಬರೂವರಾದ್ರೂ ಬ್ಯಾಡೇನ್ರಿ?" ಅದರಲ್ಲಿ ಸುಳ್ಳೇನಿರಲಿಲ್ಲ. ಟೆಂಪೋವನ್ನು ಬಿಂದುಮಾಧವನೇ ನೋಡಿದ್ದ. ಮಾತಿನ ಮಧ್ಯೆ ಅದು ಹೇಗೋ ಜಾರ್ಜಿಯಾ ಬಂತು. ರೈಲ್ವೆ ಕಂಪನಿಗಳನ್ನು ಬಗ್ಗಿಸಿದ ಗವರ್ನರನ ಕಥೆ ಹೇಳುತ್ತ ಹೋದಂತೆ ಶಿವರುದ್ರಪ್ಪನವರ ಮುಖ ಅರಳಿತು. "ಅಂವ ನಮ್ಮಂಥ ಮನಷ್ಯಾ ನೋಡ್ರಿ! ಇದನ್ನ ಪುಸ್ತಕಾ ಮಾಡ್ರಿ ಸರ, ನಾ ಅಚ್ಚು ಹಾಕಿಸ್ತೀನಿ." ಆ ಅರಳಿದ ಮುಖದೆದುರು ಬಿಂದುಮಾಧವ ಕಥೆಯ ಉಳಿದ ಅರ್ಧವನ್ನು ಹೇಳಲಿಲ್ಲ. ಚುನಾವಣೆಯ ಆ ಬೇಸಿಗೆ ಮುಗಿಯುತ್ತಿದ್ದಂತೆ, ಪತ್ರಿಕೆಗಳು ಹಬ್ಬಿಸಿದ ಗಾಳಿಮಾತಿಗೆ ಹುಚ್ಚೆದ್ದ ಗುಂಪು ಅಟ್ಲಾಂಟಾದ ಟ್ರಾಮುಗಳಿಂದ ಕಪ್ಪು ಜನರನ್ನು ಎಳೆದು ಕೊಂದದ್ದನ್ನೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡ. ಅವಲಕ್ಕಿಯ ತಟ್ಟೆ ಖಾಲಿಯಾಗಿತ್ತು. ಬಹಳ ದಿನಗಳ ಮೇಲೆ ಅವನಿಗೆ ತಾನು ವಿದ್ವಾಂಸ ಅನ್ನಿಸಿತ್ತು.

ಮಂಡಳದ ಹೊಸ ನಿಯಮ ಬರೆಯುವ ಕೆಲಸ ಅವನಿಗೇ ಬಂತು. ಕನ್ನಡ ಓದಬಲ್ಲ ಸದಸ್ಯರಿಗೆ ಮಾತ್ರ ಮತ ಎಂಬುದನ್ನು ನಾಲ್ಕು ಥರ ಬರೆದು ಒಂದನ್ನು ಆರಿಸಿದರು. ಆಮೇಲೆ ಶಿವರುದ್ರಪ್ಪ ತಡವರಿಸುತ್ತ, "ಸರ, ನಮ್ಮ ಸಂಜೂನ ಗತಿ ಏನ್ರಿ? ಅಂವ ಇಂಗ್ಲೀಷ್ ಸಾಲಿ. ಮನ್ಯಾಗ ಮಾತಾಡ್ತಾನ, ಒಂದಕ್ಷರ ಓದಾಕ ಬರಂಗಿಲ್ಲ. ನಮ್ಮ ಪೈಕಿ ಎಲ್ಲಾರ ಮಕ್ಕಳೂ ಹಂಗ ಅದಾರ," ಎಂದರು. ಬಿಂದುಮಾಧವನ ಮಗ ಅಮೇಯನೂ ಹಾಗೆಯೇ. ಆಗ ಯಾರೋ ಮಾತಾಡಿದರು. ಸಾವಿರದ ಒಂಬೈನೂರ ಎಪ್ಪತ್ತರ ಹಿಂದೆ ಸದಸ್ಯರಾಗಿದ್ದವರ ಮಕ್ಕಳು, ಮೊಮ್ಮಕ್ಕಳಿಗೆ ಪರೀಕ್ಷೆ ಬ್ಯಾಡ ಅಂತ ಒಂದು ವಿನಾಯಿತಿ ಇಡಬಹುದಲ್ಲ, ಹಿರಿಯರು ಮಂಡಳಕ್ಕೆ ದುಡಿದದ್ದಕ್ಕೆ ಗೌರವ ಅಂತ. ಮಾತಾಡಿದ್ದು ತಾನೇ ಎಂದು ಅವನಿಗೆ ತಿಳಿದದ್ದು ಶಿವರುದ್ರಪ್ಪ ಅವನ ಮೊಣಕೈ ಹಿಡಿದುಕೊಂಡಾಗ. "ಹೆಂಗ ಹೊಳೀತ್ರಿ ಇದು! ಭಾಳ ಚಲೋ ಆತು!" ಹೊಳೆದದ್ದಲ್ಲ ಎಂದು ಹೇಳಬೇಕೆಂದು ಬಾಯಿ ತೆರೆದ. ನೂರು ವರ್ಷದ ಹಿಂದೆ ಬೇರೆಯವರಿಗೆ ಹೊಳೆದದ್ದು ಇದು, ನಾನು ಅಲ್ಲಿಂದ ಕದ್ದೆ. ಆದರೆ ತೆರೆದ ಬಾಯಿ ನಕ್ಕಿತು. ವಿಶೇಷ ಸಭೆಯನ್ನು ಮಂಗಳವಾರ ಮಧ್ಯಾಹ್ನ ಇಟ್ಟರು. ಕೂಲಿಯವರು ಕೆಲಸ ಬಿಟ್ಟು ಬರಲಾರದ ಹೊತ್ತು. ಶ್ಯಾಮರಾಯ ಕೂಗಾಡಿ ಹೊರನಡೆದ. ನಿಯಮ ಪಾಸಾಯಿತು.

ಈ ಭಾನುವಾರ ಸಭಾಗೃಹದ ಬಾಗಿಲಲ್ಲಿ ಹಸಿರು ಬಟ್ಟೆ ಹಾಸಿದ ಮೇಜು. ಪಕ್ಕದ ಕುರ್ಚಿಯಲ್ಲಿ ಶಿವಪುತ್ರಪ್ಪ, ಮಂಡಳದ ಕಾರ್ಯದರ್ಶಿ, ರೈಲ್ವೆ ಕಚೇರಿಯಿಂದ ನಿವೃತ್ತರಾಗಿ ಬಂದ ಕಟ್ಟುನಿಟ್ಟಿನ ಮನುಷ್ಯ. ಮೊದಲು ಬಿಂದುಮಾಧವ ಎರಡನೆಯ ಇಯತ್ತೆಯ ಪುಸ್ತಕದಿಂದ ನಾಲ್ಕು ಸಾಲು ಆರಿಸಿಟ್ಟಿದ್ದ. ಇದು ಹುಡುಗರ ಆಟ ಆಯಿತು, ನಿಯಮಾವಳಿಯಿಂದಲೇ ಓದಿಸೋಣ ಎಂದವರು ಇವರೇ. ಸಭಾಗೃಹದ ಹಿಂಭಾಗದ ಕೋಣೆಯಿಂದ ಔಷಧದ ವಾಸನೆ ಬರುತ್ತಿತ್ತು. ಊರ ಕಡೆಯಿಂದ ಸರ್ಕಾರಿ ದವಾಖಾನೆಗೆ ಬರುವ ರೋಗಿಗಳು ನಾಲ್ಕಾರು ದಿನ ಇಳಿದುಕೊಳ್ಳಲು ಶ್ಯಾಮರಾಯ ಬಿಟ್ಟುಕೊಟ್ಟ ಕೋಣೆ ಅದು. ಅವನು ಮಾಡಿದ ಒಂದೇ ಒಳ್ಳೆಯ ಕೆಲಸ ಎಂದು ಅವನ ವಿರೋಧಿಗಳೂ ಒಪ್ಪುತ್ತಿದ್ದರು. ಮೊದಲು ಬಂದವರು ಬ್ಯಾಂಕಿನವರು, ವಿಮೆಯವರು, ಡಾಕ್ಟರುಗಳು. ಓದಿದರು, ನಕ್ಕರು, ಈ ವಯಸ್ಸಿನಲ್ಲಿ ನಮಗೆ ಪರೀಕ್ಷೆ ಇಟ್ಟಿರಲ್ಲ ಸರ ಎಂದು ಚೇಷ್ಟೆ ಮಾಡಿ ಕೈಕುಲುಕಿದರು. ಅಮೇಯ ಮೋಟರ್ ಸೈಕಲ್ಲಿನಲ್ಲಿ ಬಂದ, ಶಿರಸ್ತ್ರಾಣ ತೆಗೆಯಲೂ ಇಲ್ಲ. "ಅಪ್ಪಾ, ಕುಠೇ ಸಹೀ ಕರೂ?" ಎಲ್ಲಿ ಸಹಿ ಮಾಡಲಿ ಎಂದು ಮರಾಠಿಯಲ್ಲಿ ಕೇಳಿ, ಶಿವಪುತ್ರಪ್ಪ ಬೆರಳಿಟ್ಟ ಕಡೆ ಇಂಗ್ಲಿಷಿನಲ್ಲಿ ಗೀಚಿ ಹೋದ. ಅವನ ಅಜ್ಜ, ಅಂದರೆ ಗೋದಾಳ ಅಪ್ಪ, ನೌಕರಿಗೆಂದು ಕೆಲವು ವರ್ಷ ಪುಣೆಯಲ್ಲಿದ್ದಾಗ, ಅರವತ್ತೆರಡರಲ್ಲಿ, ಸದಸ್ಯರಾಗಿದ್ದರು. ಮಗ ಹೋದ ಮೇಲೂ ಆ ಸಹಿಯನ್ನು ಬಿಂದುಮಾಧವ ನೋಡುತ್ತ ಕುಳಿತ. ಎಷ್ಟು ಹಗುರ ಸಹಿ. ಅದರಲ್ಲಿ ಏನೂ ತಪ್ಪಿಲ್ಲ, ಹುಡುಗನಿಗೆ ಏನೂ ಗೊತ್ತಿಲ್ಲ.

ವಸ್ತಿಯಿಂದ ಹೆಚ್ಚು ಜನ ಬರಲಿಲ್ಲ. ಪರೀಕ್ಷೆ ಅಂದ ಕೂಡಲೇ ಮನೆಯಲ್ಲೇ ಉಳಿದರು. ಬಂದ ಕೆಲವರು ಕಾಗದ ನೋಡಿ, ತಲೆ ಕೆರೆದು, ತಾವೇ ಹಿಂದಕ್ಕೆ ಸರಿದು ಹೋದರು. ಅದು ಬಿಂದುಮಾಧವನಿಗೆ ಸಮಾಧಾನವನ್ನೇ ಕೊಟ್ಟಿತು. ಅವರು ಹೋಗುವಾಗ ಅವನು ನೀರು ಕುಡಿಯುತ್ತಿದ್ದ, ಇಲ್ಲವೇ ಕಾಗದ ಸರಿಮಾಡುತ್ತಿದ್ದ. ಬಿಸಿಲು ಏರಿದ ಮೇಲೆ ಒಬ್ಬ ಹೆಂಗಸು ಬಂದಳು. ನಲವತ್ತರ ಆಸುಪಾಸು, ಇಳಕಲ್ ಸೀರೆ, ಸಿಮೆಂಟಿನಿಂದ ಬೆರಳ ತುದಿಗಳು ಬಿಳಿಚಿದ್ದವು. ಹೆಸರು ಶಿವಬಸವ್ವ. ಸಿಂದಗಿಯ ಹತ್ತಿರದ ಹಳ್ಳಿಯವಳು, ಯೆರವಡಾದ ಆಚೆ ಎದ್ದೇಳುತ್ತಿದ್ದ ಗಾಜಿನ ಕಟ್ಟಡಗಳಲ್ಲಿ ಗಾರೆ ಹೊರುವ ಕೆಲಸ. ಹಿಂದಿನ ಕೋಣೆಯಲ್ಲಿ ಅವಳ ತಮ್ಮ ಮಾಂತು ಇದ್ದ, ಗಂಟಲಿನ ಗಂಟಿಗೆ ದವಾಖಾನೆಯಲ್ಲಿ ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಿಕೊಳ್ಳುತ್ತ. ಅವನಿಗೆ ಅನ್ನ ಕೊಟ್ಟು ಬರಲು ಅವಳು ಬಂದು ಹೋಗುವುದನ್ನು ಬಿಂದುಮಾಧವ ಎಷ್ಟೋ ಸಲ ಕಂಡಿದ್ದ. ಕುರ್ಚಿಯ ಅಂಚಿನಲ್ಲಿ ಕುಳಿತು, "ನಾನೂ ಓದ್ತೀನ್ರಿ ಸರ," ಎಂದಳು. "ಬರ್ತದೇನವ್ವಾ?" ಎಂದರು ಶಿವಪುತ್ರಪ್ಪ. "ಮಗಳ ಕಡಿಂದ ಕಲ್ತೀನ್ರಿ. ಅಕೀದು ಮರಾಠಿ ಸಾಲಿ, ಆದ್ರ ಊರಾಗ ನಮ್ಮವ್ವನ ಕಡೆ ಇದ್ದಾಗ ಎರಡು ವರ್ಷ ಕನ್ನಡ ಕಲ್ತಿದ್ಲು. ನೀವು ಹಿಂಗ ಕೇಳ್ತೀರಂತ ಗೊತ್ತಾದ ದಿನದಿಂದ ಹಿಡದೀನಿ."

ಕಾಗದವನ್ನು ಅವಳು ಮೇಜಿನಿಂದ ಎತ್ತಲಿಲ್ಲ. ಎರಡೂ ಅಂಗೈಗಳಿಂದ ಒತ್ತಿ ಹಿಡಿದು, ಅದು ಹಾರಿಹೋದೀತೆಂಬಂತೆ ಬಾಗಿದಳು. "ಮಂ. ಡ. ಳ. ದ. ಮಂಡಳದ." ತಲೆಯೆತ್ತಿ ನೋಡಿ, ತಪ್ಪಿಲ್ಲವೆಂದು ಖಾತ್ರಿಯಾದ ಮೇಲೆ ಮುಂದುವರಿದಳು. "ಮ. ನೆ. ಎ. ಲ್ಲ. ರ. ದು. ಮಂಡಳದ ಮನಿ ಎಲ್ಲಾರದು!" ಮುಖದ ತುಂಬ ನಗು. ಮುಗಿಯಿತು ಅಂದುಕೊಂಡಿದ್ದಳು. ಬಿಂದುಮಾಧವನೂ ಒಂದು ಕ್ಷಣ ಹಾಗೇ ಅಂದುಕೊಂಡ. ಅವನ ಎದೆಯಲ್ಲಿ ಏನೋ ಹಗುರಾಗಿ ಎದ್ದಿತು. "ಇನ್ನೊಂದು ಸಾಲು ಅದ," ಎಂದರು ಶಿವಪುತ್ರಪ್ಪ.

"ಅ. ದ. ರ. ಅದರ." ಆಮೇಲೆ ಅವಳು ನಿಂತಳು. ಬೆರಳು ಅಕ್ಷರದ ಕೆಳಗೆ ಹೋಗಿ, ಅಲ್ಲಿ ಅಂಟಿಕೊಂಡಿದ್ದ ಸಣ್ಣ ಗುರುತನ್ನು ಮುಟ್ಟಿತು. "ಸ. ಸದ ಕೆಳಗ ಏನೋ ಅದರಿ." ಬೆರಳಿನಿಂದ ಅದನ್ನು ಒತ್ತಿದಳು. "ಸ... ಸತ್ತು?" ಬಿಂದುಮಾಧವನ ತುಟಿ ದುಂಡಗಾಗಿ ವಕಾರಕ್ಕೆ ಸಿದ್ಧವಾಯಿತು. ಅವಳು ಅವನ ತುಟಿಗಳನ್ನೇ ನೋಡುತ್ತಿದ್ದಳು, ಮದ್ದು ಕುಡಿಸುವವರ ಕೈ ನೋಡುವ ಹಾಗೆ. "ಹೇಳಿಕೊಡಬಾರದ್ರಿ ಸರ," ಎಂದರು ಶಿವಪುತ್ರಪ್ಪ, ಸಿಟ್ಟಿಲ್ಲದೆ. ಅವನು ತುಟಿ ಮುಚ್ಚಿದ. ಅವಳು ಅದನ್ನು ಬಿಟ್ಟು ಮುಂದಿನ ಶಬ್ದಕ್ಕೆ ಹೋದಳು. ಅಲ್ಲಿಯೂ ಅಕ್ಷರದ ಕೆಳಗೆ ಬೇರೊಂದು ಅಕ್ಷರ. ನಡುವಿನ ಹಾಗೂ ಒಂದನ್ನು ಬಿಟ್ಟರೆ ಉಳಿದವೂ ಹಾಗೇ. ಕಲ್ಲಿನ ಕೆಳಗೆ ಕಲ್ಲು ಇಟ್ಟ ಹಾಗೆ ಇಡೀ ಸಾಲನ್ನು ಅವನೇ ಕಟ್ಟಿದ್ದ. ಬರೆಯುವಾಗ ಅದು ಘನವಾಗಿ ಕೇಳಿಸುತ್ತದೆ ಎಂದು ಖುಷಿಪಟ್ಟಿದ್ದ. ಹಿಂದೆ ನಿಂತವರಲ್ಲಿ ಒಬ್ಬರು ಕೆಮ್ಮಿದರು. ಅಲ್ಲಿ, ಜಾರ್ಜಿಯಾದ ಯಾವುದೋ ಕೋರ್ಟಿನ ವರಾಂಡದಲ್ಲಿ, ಹೀಗೆಯೇ ಮೇಜಿನ ಹಿಂದೆ ಒಬ್ಬ ಗುಮಾಸ್ತ ಕುಳಿತಿದ್ದ, ಓದಿದ್ದು ಓದೋ ಅಲ್ಲವೋ ಎಂದು ತೀರ್ಮಾನಿಸುವುದು ಪೂರ್ತಿ ಅವನ ಇಷ್ಟ. ಪ್ರಬಂಧದಲ್ಲಿ ಆ ಗುಮಾಸ್ತನ ಬಗ್ಗೆ ಬಿಂದುಮಾಧವ ಒಂದು ಅಡಿಟಿಪ್ಪಣಿ ಬರೆದಿದ್ದ. ಆ ಗುಮಾಸ್ತ ಕೆಟ್ಟವನಾಗಿರಲೇಬೇಕು ಎಂದು ಅವನಿಗೆ ಆಗ ಸಂಶಯವೇ ಇರಲಿಲ್ಲ. "ಸಾಕು ತಾಯಿ," ಎಂದ. "ಇನ್ನೊಂದೀಟು ನಿಂದ್ರಿ ಸರ. ಬರ್ತದ." ಅವನು ಕಾದ. ಫ್ಯಾನು ತಿರುಗುತ್ತಿತ್ತು. ಅವಳ ಕುತ್ತಿಗೆಯ ಮೇಲೆ ಬೆವರು ಹರಿಯಿತು. ಸರಿ, ಓದಿದಳು, ಬರೆದುಕೊಳ್ಳಿ ಎಂದರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಶಿವಪುತ್ರಪ್ಪ ಹುಬ್ಬೇರಿಸಬಹುದು. ಅಷ್ಟೇ. ಆ ಹುಬ್ಬು ಏರುವುದನ್ನು ಎದುರಿಸುವ ಶಕ್ತಿಯನ್ನು ಅವನು ತನ್ನೊಳಗೆಲ್ಲ ಹುಡುಕಿದ, ಜೇಬುಗಳನ್ನು ತಡಕಾಡಿದಂತೆ. ಸಿಗಲಿಲ್ಲ. ಅವಳ ಹೆಸರಿನ ಮುಂದೆ ಅನರ್ಹ ಎಂದು ಬರೆದ.

"ಏನ್ ಬರದ್ರಿ ಸರ?" ಎಂದಳು ಅವಳು, ಕತ್ತು ಚಾಚಿ. ಅದರಲ್ಲಿಯೂ ಒಂದು ಅಕ್ಷರ ಅವಳಿಗೆ ಬಾರದ್ದಿತ್ತು.

"ಆಮೇಲೆ ತಿಳಸ್ತಾರ," ಎಂದ ಬಿಂದುಮಾಧವ.

ಮುಂದಿನ ತಿಂಗಳ ಚುನಾವಣೆಯಲ್ಲಿ ಶಿವರುದ್ರಪ್ಪ ಗೆದ್ದರು. ಶ್ಯಾಮರಾಯನಿಗೆ ಅವನ ಹಳೆಯ ಗೆಳೆಯರ ಮತಗಳನ್ನು ಬಿಟ್ಟು ಏನೂ ಬರಲಿಲ್ಲ. ಹಾರ ಹಾಕುವಾಗ ಅವನು ಮೂಲೆಯ ಕುರ್ಚಿಯಲ್ಲಿ ಚಪ್ಪಲಿಯ ಉಂಗುಟ ತಿರುವುತ್ತ ಕುಳಿತಿದ್ದ. ಹೊಸ ಅಧ್ಯಕ್ಷರು ಮಾತಿಗೆ ತಪ್ಪಲಿಲ್ಲ. ಹಳೆಯ ಲೆಕ್ಕ ತೆಗೆಸಿದರು, ಗೋಡೆಗಳಿಗೆ ಸುಣ್ಣ ಹೊಡೆಸಿದರು, ಸೋರುವ ಮಾಡು ಸರಿಪಡಿಸಿದರು, ಬಾಡಿಗೆಯ ದುಡ್ಡಿನಲ್ಲಿ ಬಡ ವಿದ್ಯಾರ್ಥಿಗಳಿಗೆ ವೇತನ ಇಟ್ಟರು. ತಾವೇ ಏಣಿ ಹತ್ತಿ ಟ್ಯೂಬ್‌ಲೈಟ್ ಹಾಕಿದರು. ಇಷ್ಟೊಂದು ಒಳ್ಳೆಯತನವನ್ನು ದಿನದಿನವೂ ನೋಡುವುದು ಬಿಂದುಮಾಧವನಿಗೆ ಭಾರವಾಯಿತು. ಒಂದು ಸಂಜೆ ಅವರು ಗೋದಾಳ ಎದುರಿಗೇ ಹೇಳಿದರು: "ಸರ, ಹಿಂದಿನ ಖೋಲಿ ತೆರವು ಮಾಡಿಸೀನಿ. ಅಲ್ಲೆ ಗ್ರಂಥಾಲಯ. ನಿಮ್ಮ ಜಾರ್ಜಿಯಾದ ಪುಸ್ತಕ ಎಲ್ಲಾ ಅಲ್ಲೇ ಇಡ್ರಿ. ಕುಂತು ನಿಮ್ಮ ಪ್ರಬಂಧ ಮುಗಸ್ರಿ. ಮೇಜು, ಕುರ್ಚಿ, ಫ್ಯಾನು, ಎಲ್ಲಾ ನಂದು." ಬಿಂದುಮಾಧವ "ಬ್ಯಾಡ್ರಿ" ಎಂದ. ಆದರೆ ಅದು ಸಂಕೋಚದ ಮಾತಿನಂತೆ ಕೇಳಿಸಿರಬೇಕು. ಶಿವರುದ್ರಪ್ಪ ಪ್ರೀತಿಯಿಂದ ಅವನ ಬೆನ್ನು ತಟ್ಟಿದರು. ಅವರು ಹೋದ ಮೇಲೆ ಗೋದಾ ತಟ್ಟೆ ಎತ್ತುತ್ತ ಕೇಳಿದಳು.

"ಅಲ್ಲಿ ಇರೋ ಪೇಶಂಟ್ ಮಂದಿ ಎಲ್ಲೆ ಹೋಗ್ತಾರ?"

"ಬ್ಯಾರೆ ಏನರ ವ್ಯವಸ್ಥಾ ಮಾಡ್ತಾರ."

"ಯಾರು?"

ಅವನು ಪೇಪರು ಬಿಡಿಸಿದ. ಗೋದಾ ಮತ್ತೆ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಮಂಚದ ಕೆಳಗಿನ ಡಬ್ಬಗಳನ್ನು ಅಮೇಯ ರಿಕ್ಷಾದಲ್ಲಿ ಹಾಕಿಕೊಂಡು ಹೋಗಿ ಇಟ್ಟುಬಂದ. ಹೊಸ ಬಣ್ಣದ ಕೆಳಗೂ ಕೋಣೆಯಲ್ಲಿ ಔಷಧದ ವಾಸನೆ ಉಳಿದಿತ್ತು. ಅಲ್ಲಿ ಕುಳಿತು ಐದನೆಯ ಅಧ್ಯಾಯದ ಹಾಳೆ ತೆರೆದ ದಿನ ಒಂದು ಸಾಲೂ ಬರೆಯಲಾಗಲಿಲ್ಲ. ಪ್ರಶ್ನೆಗೆ ಉತ್ತರ ಸಿಕ್ಕಿಬಿಟ್ಟಿತ್ತು, ಅದೇ ತೊಂದರೆ. ಒಂದನ್ನು ನಂಬಿ ಇನ್ನೊಂದನ್ನು ನಟಿಸಬೇಕಾಗಿರಲಿಲ್ಲ. ಎರಡನ್ನೂ ನಂಬಬಹುದಿತ್ತು, ಹಗುರಾಗಿ, ಟ್ಯೂಬ್‌ಲೈಟ್ ಹಾಕಿದ ಹಾಗೆ. ಆದರೆ ಅದನ್ನು ಬರೆಯಬೇಕಾದ ಕೈ ಯಾವುದು?

ಕಾಲೇಜಿನಲ್ಲಿ ಆ ವಿಷಯದ ಕೊನೆಯ ವರ್ಷ. ತರಗತಿಯಲ್ಲಿ ಏಳು ಮಂದಿ. ಬಿಂದುಮಾಧವ ವಿನಾಯಿತಿಯ ನಿಯಮವನ್ನು ವಿವರಿಸುತ್ತಿದ್ದಾಗ, ಯಾವತ್ತೂ ಬಾಯಿ ಬಿಡದ ಇಂದೂ ಎಂಬ ಹುಡುಗಿ ಎದ್ದು ನಿಂತಳು. "ಸರ್, ಜ್ಯಾಂಚಾ ಹಕ್ಕ ಗೇಲಾ, ತ್ಯಾಂನಾ ಕಾಯ್ ವಾಟಲಂ?" ಹಕ್ಕು ಹೋದವರಿಗೆ ಏನನ್ನಿಸಿತು ಎಂದು. ಕೆಲವರು ಪ್ರತಿಭಟನೆಯ ಸಭೆ ನಡೆಸಿದರು, ಕೆಲವರು ಪತ್ರಿಕೆ ನಡೆಸಿದರು, ಆಮೇಲೆ ಎಷ್ಟೋ ಜನ ಉತ್ತರದ ರಾಜ್ಯಗಳಿಗೆ ಹೊರಟುಹೋದರು ಎಂದು ಅವನು ಹೇಳಿದ. ಅದು ಅವರು ಮಾಡಿದ್ದು ಸರ್, ಅನ್ನಿಸಿದ್ದು ಏನು ಎಂದಳು ಅವಳು, ತಪ್ಪು ಕೇಳಿದೆನೇನೋ ಎಂಬ ಅಳುಕಿನಿಂದ. ಅವನ ಪ್ರಬಂಧದಲ್ಲಿ ಅವರಿಗೆ ಎರಡು ಪ್ಯಾರಾ ಇತ್ತು. ತಿಂಗಳುಗಟ್ಟಲೆ ತಿರುಗಿಸಿದ ಆ ಫಿಲ್ಮಿನಲ್ಲಿ, ಅಭ್ಯರ್ಥಿಗಳ ಟೋಪಿ, ಮೀಸೆ, ಬ್ಯಾಂಡಿನವರ ಹಾಡು ಎಲ್ಲ ಇದ್ದ ಆ ಪುಟಗಳಲ್ಲಿ, ಅವರನ್ನು ಯಾರೂ ಕೇಳಿರಲಿಲ್ಲ. ಅವನಿಗೂ ಹುಡುಕಬೇಕೆಂದು ತೋರಿರಲಿಲ್ಲ. ಗಂಟೆ ಹೊಡೆಯಿತು. ಮುಂದಿನ ತಾಸು ರಜೆ ಹಾಕಿ, ಯಾಕೆ ಹೋಗುತ್ತಿದ್ದೇನೆಂದು ಸರಿಯಾಗಿ ಗೊತ್ತಿಲ್ಲದೆಯೇ, ಅವನು ಸ್ಕೂಟರನ್ನು ಯೆರವಡಾದ ಕಡೆ ತಿರುಗಿಸಿದ.

ಜೈಲಿನ ಉದ್ದನೆಯ ಗೋಡೆ ದಾಟಿ, ಅಲ್ಲಲ್ಲಿ ಕೇಳುತ್ತ, ತಗಡಿನ ಮನೆಗಳ ಸಾಲಿಗೆ ಬಂದ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ. ತಪ್ಪು ನಿನ್ನದಲ್ಲ. ಆ ಸಾಲನ್ನು ಬರೆದವನು ನಾನು. ನನ್ನ ಮಗನಿಗೂ ಅದನ್ನು ಓದಲು ಬರುವುದಿಲ್ಲ. ನಾನು ಮನಸ್ಸು ಮಾಡಿದ್ದರೆ ನಿನ್ನನ್ನು ಪಾಸು ಮಾಡಬಹುದಿತ್ತು. ನಾಲ್ಕು ಸಣ್ಣ ವಾಕ್ಯ, ಒಂದರಲ್ಲೂ ತೊಡಕಿಲ್ಲ. ಬೈಯಲಿ ಅಂದುಕೊಂಡಿದ್ದ. ಬೈದರೆ ಸಾಕು. ಶಿವಬಸವ್ವ ಬಾಗಿಲಲ್ಲೇ ಕೂತು ಅಕ್ಕಿ ಆರಿಸುತ್ತಿದ್ದಳು. ಕೆಲಸ ಇಲ್ಲದ ದಿನವಿರಬೇಕು. ಅವನನ್ನು ಕಂಡು ಗಡಬಡಿಸಿ ಎದ್ದಳು. ಸೆರಗು ಹೊದ್ದುಕೊಂಡು, "ಅಯ್ಯ, ಸರ ಬಂದ್ರು! ಬರ್‍ರಿ, ಒಳಗ ಬರ್‍ರಿ," ಎನ್ನುತ್ತ ಒಂದೇ ಒಂದು ಇದ್ದ ಕುರ್ಚಿಯ ಮೇಲಿನ ಬಟ್ಟೆಗಳನ್ನು ತೆಗೆದಳು. ಗೋಡೆಗೆ ಒರಗಿ ಮಾಂತು ಕೂತಿದ್ದ. ಕುತ್ತಿಗೆಯ ಚರ್ಮ ಸುಟ್ಟ ಹಾಗೆ ಕಪ್ಪಾಗಿತ್ತು. ಮಾತು ಹೋಗಿತ್ತು. ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ.

"ದೊಡ್ಡ ದವಾಖಾನಿ ಇಲ್ಲಿಂದ ದೂರ ಆಗ್ತದರಿ," ಎಂದಳು ಅವಳು ಚಹಾಕ್ಕೆ ಇಡುತ್ತ. "ಎರಡು ಬಸ್ಸು. ಅಂವಗ ನಿಂತು ಹೋಗೂದು ಆಗಂಗಿಲ್ಲ. ಮೊನ್ನಿ ಬಸ್ಸಿನಾಗ ಬಿದ್ದ. ಅದಕ್ಕ ಎರಡು ಸಲ ಕರೆಂಟ್ ತಪ್ಪಿಸೀವಿ." ದೂರಿನ ದನಿಯಲ್ಲ. ಮಳೆ ಬಂತು, ಹೋಯಿತು ಎಂಬಂತೆ.

ಬಿಂದುಮಾಧವ ಕುರ್ಚಿಯಲ್ಲಿ ಮುಂದಕ್ಕೆ ಸರಿದ. "ಶಿವಬಸವ್ವಾ, ಅವತ್ತು ಪರೀಕ್ಷಾದಾಗ..."

"ಅದೊಂದು ನಂಗ ಭಾಳ ನಾಚಿಕಿ ಆಗ್ಯದರಿ ಸರ," ಅವಳು ಅವನ ಮಾತನ್ನು ಅರ್ಧಕ್ಕೇ ಹಿಡಿದಳು, ಮುಖ ಒಲೆಯ ಕಡೆಗೇ ಇತ್ತು. "ನೀವು ಎಷ್ಟೊತ್ತು ಕಾದ್ರಿ! ಹಿಂದ ಅಷ್ಟು ದೊಡ್ಡ ದೊಡ್ಡ ಮಂದಿ ನಿಂತಿದ್ರು, ಆದ್ರೂ ಕಾದ್ರಿ. ಬ್ಯಾರೆದವರಾಗಿದ್ರ ಏಳು, ಹೋಗು ಅಂತಿದ್ರು. ನಾನಽ ಚಂದಂಗ ಕಲೀಲಿಲ್ಲ. ಬರ್ತದ ಅಂತ ಹೇಳಿ ನಿಮ್ಮ ಟೈಮು ಹಾಳು ಮಾಡಿದೆ. ನಮ್ಮ ತಮ್ಮಗೂ ಹೇಳೀನ್ರಿ, ಆ ಮಾಸ್ತರ ಭಾಳ ಚಲೋರು ಅಂತ."

ಮಾಂತು ಹೌದೆಂದು ತಲೆಯಾಡಿಸಿದ. ಬಿಂದುಮಾಧವ ಜೋಡಿಸಿಕೊಂಡು ಬಂದಿದ್ದ ನಾಲ್ಕು ವಾಕ್ಯಗಳು ಬಾಯಿಯ ತನಕ ಬಂದು ನಿಂತವು. ಈಗ ಹೇಳಿದರೆ ಇವಳು ನನಗೆ ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ ಎಂಬ ಯೋಚನೆ ಬಂತು. ಅದು ತನ್ನದೇ ಯೋಚನೆ ಎಂದು ತಿಳಿದು ಕಿವಿ ಬಿಸಿಯಾಯಿತು. ಅವಳು ಸ್ಟೀಲಿನ ಲೋಟವನ್ನು ಸೆರಗಿನಲ್ಲಿ ಒರೆಸಿ, ಚಹಾ ಹಾಕಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಬಹಳ ಸಿಹಿಯಾಗಿತ್ತು. ಕುಡಿದ.

"ಸರ, ಒಂದು ಮಾತು ಕೇಳ್ಲೇನ್ರಿ?" ಎಂದಳು. "ಹೊಸಾ ಅಧ್ಯಕ್ಷರು ನಿಮ್ಮ ಮಾತು ಕೇಳ್ತಾರಂತ ಎಲ್ಲಾರೂ ಅಂತಾರ. ಆ ಹಿಂದಿನ ಖೋಲಿ ಈಗ ಖಾಲಿ ಅದನೋ, ಯಾರರ ಇದ್ದಾರೋ ಗೊತ್ತಿಲ್ಲ. ಒಂದು ಮೂಲಿ ಸಾಕ್ರಿ. ಅಂವಾ ಒಂದು ಕಡಿ ಮಕ್ಕೊಂಡಿರ್ತಾನ, ಸಪ್ಪಳ ಮಾಡಂಗಿಲ್ಲ. ಮಾತಽ ಬರಂಗಿಲ್ಲ ಅಂವಗ. ಇನ್ನ ಸ್ವಲ್ಪ ದಿನ ಕರೆಂಟ್ ಉಳದಾವು. ಒಂದು ಮಾತು ಹೇಳ್ತೀರೇನ್ರಿ?"

ಹೊರಗೆ ಯಾರೋ ನೀರಿನ ಟ್ಯಾಂಕರ್ ಬಂತೆಂದು ಕೂಗಿದರು. ಕೊಡಗಳ ಸದ್ದು ಎದ್ದಿತು. ಅವಳು ಕದಲಲಿಲ್ಲ, ಅವನ ತುಟಿಗಳನ್ನೇ ನೋಡುತ್ತಿದ್ದಳು. ಮಾಂತು ಗೋಡೆಯಿಂದ ಬೆನ್ನು ಎತ್ತಿ ನೆಟ್ಟಗೆ ಕುಳಿತ, ಒಳ್ಳೆಯ ಬಾಡಿಗೆದಾರನಂತೆ ಕಾಣಬೇಕೆಂದು.

"ಹೇಳ್ತೀನ್ರಿ," ಎಂದ ಬಿಂದುಮಾಧವ.

ಅವಳಿಗೆ ಅಷ್ಟು ಸಾಕಾಯಿತು. ಕೊಡ ಎತ್ತಿಕೊಂಡು, "ನೀವು ಕುಂದರ್ರಿ ಸರ, ಚಹಾ ಸಾವಕಾಶ ಕುಡೀರಿ," ಎಂದು ಹೊರಗೆ ಓಡಿದಳು. ಅವನು ಕುಳಿತ. ಎದುರಿಗೆ ಮಾಂತು ಅವನನ್ನೇ ನೋಡಿ ನಗುತ್ತಿದ್ದ, ಕಣ್ಣು ಮಿಟುಕಿಸದೆ, ಕೃತಜ್ಞತೆಯಿಂದ, ಬಹಳ ಹೊತ್ತು.